ಕಣ್ಣು ಕಲಿಯುವ ತನಕ ಕಿವಿ ಓದಲಿ: ಮನೆಯಲ್ಲಿ ಮಕ್ಕಳಿಗೆ ಕನ್ನಡ ಪುಸ್ತಕ ಓದಿ ಹೇಳುವ ಬಗೆ

ಒಂದನೇ ತರಗತಿ ಸೇರಿದ ಮಗುವಿನ ಕೈಗೆ ಪುಸ್ತಕ ಕೊಟ್ಟು ‘ಇನ್ಮೇಲೆ ನೀನೇ ಓದ್ಕೋ’ ಎಂದುಬಿಡುವುದು ಬಹಳ ಮನೆಗಳಲ್ಲಿ ವಾಡಿಕೆ. ಅಲ್ಲಿಯವರೆಗೆ ಅಜ್ಜಿ ಹೇಳುತ್ತಿದ್ದ ಕಥೆ, ಅಪ್ಪ ಚಿತ್ರ ತೋರಿಸಿ ಓದುತ್ತಿದ್ದ ಪುಸ್ತಕ ಎಲ್ಲವೂ ಆ ಜೂನ್ ತಿಂಗಳಿಗೆ ನಿಂತುಹೋಗುತ್ತವೆ. ಓದು ಕಲಿಸಲು ಶಾಲೆಯಿದೆಯಲ್ಲ, ಇನ್ನು ನಮ್ಮ ಕೆಲಸವೇನು ಎಂಬ ಭಾವನೆ. ಆದರೆ ಕನ್ನಡದಲ್ಲಿ ಓದಲು ಕಲಿಯುವ ಮಗುವಿಗೆ ಮನೆಯವರ ಓದು ಅತಿ ಹೆಚ್ಚು ಬೇಕಾಗುವುದು ಆ ಹೊತ್ತಿನಿಂದಲೇ, ಅಲ್ಲಿಂದ ಮುಂದಿನ ನಾಲ್ಕೈದು ವರ್ಷ. ಯಾಕೆಂದು ತಿಳಿಯಬೇಕಾದರೆ ನಮ್ಮ ಲಿಪಿಯಿಂದ ಶುರುಮಾಡಬೇಕು.

ಲಿಪಿ ದೊಡ್ಡದು, ದಾರಿ ಉದ್ದ

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ: 13 ಸ್ವರ, 2 ಯೋಗವಾಹ, 34 ವ್ಯಂಜನ. ಈ 49 ಬಂದರೆ ಓದು ಬಂತು ಎಂದುಕೊಳ್ಳುವ ಹಾಗಿಲ್ಲ. ಒಂದೊಂದು ವ್ಯಂಜನಕ್ಕೂ ಕಾಗುಣಿತದ 15 ರೂಪಗಳು. ಅಲ್ಲಿಗೇ 510 ಆಯಿತು. ಅದರ ಮೇಲೆ ಒತ್ತಕ್ಷರಗಳು. ನಿಯಮ ಒಂದೇ ಇದ್ದರೂ ಮಗುವಿನ ಕಣ್ಣು ಎಡವುವ ಜಾಗಗಳು ಬೇಕಾದಷ್ಟಿವೆ. ‘ವು’ ನೋಡಲು ‘ಮ’ದ ಹಾಗೇ ಇದೆ. ಪ, ಫ, ಷ, ವ ಅಕ್ಷರಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೆರೆಯದ್ದು. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ದ–ಧ, ಬ–ಭ, ಡ–ಢ ಜೋಡಿಗಳಲ್ಲಿ ಬುಡದಲ್ಲೊಂದು ಪುಟ್ಟ ಗುರುತು, ಅಷ್ಟೇ.

ಒತ್ತಕ್ಷರದ ತೊಡಕು ಇನ್ನೊಂದು ಬಗೆಯದು. ಗ, ದ, ಬ ಅಕ್ಷರಗಳ ಒತ್ತು ಮೂಲ ಅಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲ ಅಕ್ಷರಗಳ ಒತ್ತಿಗೆ ಬೇರೆಯದೇ ರೂಪ. ಓದಿನಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವವು ಇವೇ. ಬರಹದ ಕ್ರಮಕ್ಕೂ ಉಚ್ಚಾರದ ಕ್ರಮಕ್ಕೂ ಅಲ್ಲಲ್ಲಿ ತಾಳೆಯಾಗುವುದಿಲ್ಲ. ‘ಸ್ನೇಹ’ ಎಂಬ ಪದದಲ್ಲಿ ಏತ್ವ ಕುಳಿತಿರುವುದು ಸಕಾರದ ಮೇಲೆ, ನುಡಿಯುವುದು ನಕಾರದ ಜೊತೆ. ಅರ್ಕಾವತ್ತು ಬಾಯಲ್ಲಿ ಮೊದಲು ಬರುತ್ತದೆ, ಹಾಳೆಯ ಮೇಲೆ ಕೊನೆಗೆ. ದೊಡ್ಡವರಿಗೆ ಇದು ಗಮನಕ್ಕೇ ಬರುವುದಿಲ್ಲ; ಆರು ವರ್ಷದ ಮಗು ಪ್ರತಿ ಸಲ ಇದನ್ನು ಬಿಡಿಸಿಕೊಳ್ಳಬೇಕು.

ಬೆಂಗಳೂರಿನ ಮಕ್ಕಳು ಕನ್ನಡ ಓದಲು ಕಲಿಯುವ ವೇಗದ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ: ಇಂಗ್ಲಿಷಿನ 26 ಅಕ್ಷರಗಳ ಹಾಗೆ ಒಂದೆರಡು ವರ್ಷದಲ್ಲಿ ಮುಗಿಯುವ ಕಲಿಕೆ ಇದಲ್ಲ, ಪ್ರಾಥಮಿಕ ಶಾಲೆಯ ಮೂರು–ನಾಲ್ಕನೇ ತರಗತಿಯವರೆಗೂ ಅಕ್ಷರ ಕಲಿಕೆ ನಡೆದೇ ಇರುತ್ತದೆ. ಹಾಗಾಗಿ ಎರಡನೇ ತರಗತಿಯ ಮಗು ತಡವರಿಸಿ ಓದಿದರೆ ಅದು ಹಿಂದುಳಿದಿದೆ ಎಂದು ಗಾಬರಿಯಾಗಬೇಕಿಲ್ಲ. ಆ ವಯಸ್ಸಿಗೆ ಅದು ಸಹಜ.

ಈಗ ಸಮಸ್ಯೆ ಎಲ್ಲಿದೆ ನೋಡಿ. ಏಳು ವರ್ಷದ ಮಗುವಿನ ತಲೆ ರಾಜಕುಮಾರಿಯ ಸಾಹಸ, ಕಳ್ಳನ ಉಪಾಯ, ಡೈನೋಸಾರ್ ಅಳಿದ ಕಾರಣ ಎಲ್ಲವನ್ನೂ ಅರಗಿಸಿಕೊಳ್ಳಬಲ್ಲದು. ಅದೇ ಮಗು ಸ್ವತಃ ಓದಬಲ್ಲದ್ದು ‘ಅಮರ ಬಸ ಮರದ ಬಳಿ ಬಂದರು’ ಎಂಬಷ್ಟನ್ನು. ತಲೆಗೂ ಕಣ್ಣಿಗೂ ನಡುವಿನ ಈ ಅಂತರ ಕನ್ನಡದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಷ್ಟೂ ಕಾಲ ಓದು ಎಂದರೆ ಸಪ್ಪೆ ವಾಕ್ಯಗಳು ಎಂದೇ ಮಗು ತಿಳಿದರೆ, ಕೊನೆಗೆ ಅಕ್ಷರವೆಲ್ಲ ಬಂದ ಮೇಲೂ ಪುಸ್ತಕ ಮುಟ್ಟಲು ಮನಸ್ಸಾಗುವುದಿಲ್ಲ. ಈ ಅಂತರವನ್ನು ತುಂಬುವುದು ದೊಡ್ಡವರ ದನಿ.

ಅಕ್ಷರ ಬಂದರೂ ಅರ್ಥವಾಗದ ಓದು

ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಅಕ್ಷರ ಬಿಡಿಸುವ ಶಕ್ತಿ ಒಂದು, ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು, ಇವೆರಡರ ಗುಣಲಬ್ಧವೇ ಓದು. ಗುಣಾಕಾರ ಯಾಕೆಂದರೆ ಎರಡರಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಶಾಲೆಯ ಮೊದಲ ವರ್ಷಗಳು ಹೆಚ್ಚಾಗಿ ಮೊದಲನೆಯದಕ್ಕೇ ಖರ್ಚಾಗುತ್ತವೆ, ಅದು ಆಗಲೇಬೇಕು ಕೂಡ. ಎರಡನೆಯದು ಬೆಳೆಯಲು ಮಗುವಿಗೆ ಪದ ಬೇಕು, ವಾಕ್ಯ ಬೇಕು, ಲೋಕದ ತಿಳಿವಳಿಕೆ ಬೇಕು.

ಅದು ಮನೆಯ ದಿನನಿತ್ಯದ ಮಾತಿನಿಂದ ಬರುವುದಿಲ್ಲವೇ? ಒಂದಷ್ಟು ಬರುತ್ತದೆ. ಆದರೆ ನಾವು ಮಕ್ಕಳ ಜೊತೆ ಆಡುವ ಮಾತು ಬಹುಪಾಲು ಒಂದೇ ವೃತ್ತದಲ್ಲಿ ಸುತ್ತುತ್ತದೆ: ಬಾ, ತಿನ್ನು, ಹಲ್ಲುಜ್ಜು, ಬ್ಯಾಗ್ ತಗೋ, ಮಲ್ಕೋ. ಅಮೆರಿಕದಲ್ಲಿ ಹೇಯ್ಸ್ ಮತ್ತು ಅಹ್ರೆನ್ಸ್ 1988ರಲ್ಲಿ ಇಂಗ್ಲಿಷ್ ಪದಗಳನ್ನು ಎಣಿಸಿ ನೋಡಿದಾಗ, ವಿದ್ಯಾವಂತ ದೊಡ್ಡವರು ತಮ್ಮತಮ್ಮಲ್ಲಿ ಆಡುವ ಮಾತಿಗಿಂತಲೂ ಮಕ್ಕಳ ಪುಸ್ತಕಗಳಲ್ಲಿ ಅಪರೂಪದ ಪದಗಳು ಹೆಚ್ಚಿದ್ದವು.

ಕನ್ನಡಕ್ಕೆ ಇದರ ಮೇಲೆ ಇನ್ನೊಂದು ಪದರವಿದೆ. ಮಗು ಕೇಳುವುದು ‘ಹೋಗ್ತಾನೆ’, ‘ಹೊಂಟಾನ’, ‘ಹೋತಾನೆ’. ಪುಸ್ತಕದಲ್ಲಿರುವುದು ‘ಹೋಗುತ್ತಾನೆ’. ಮಗು ಕೇಳುವುದು ‘ಮನೇಲಿ’, ‘ಮನ್ಯಾಗ’, ಪುಸ್ತಕದಲ್ಲಿ ‘ಮನೆಯಲ್ಲಿ’. ಧಾರವಾಡ, ಮಂಗಳೂರು, ಚಾಮರಾಜನಗರ ಎಲ್ಲೇ ಆಗಲಿ, ಪುಸ್ತಕದ ಕನ್ನಡ ಯಾವ ಮಗುವಿನ ಮನೆಮಾತೂ ಅಲ್ಲ. ‘ಅವಳು ಬಂದಿದ್ದರೂ ಮಾತನಾಡದೆ ಕುಳಿತಿದ್ದಳು’ ಎಂಬ ವಾಕ್ಯದ ನಡೆಯನ್ನು ಕಿವಿಯಲ್ಲಿ ಕೇಳಿಯೇ ಇರದ ಮಗು ಅದನ್ನು ಅಕ್ಷರ ಕೂಡಿಸಿ ಓದಿದರೂ ಮುಗಿಸುವ ಹೊತ್ತಿಗೆ ಶುರುವಿನಲ್ಲಿ ಏನಿತ್ತೆಂದು ಮರೆತಿರುತ್ತದೆ. ಮೊದಲೇ ನೂರು ಸಲ ಕೇಳಿದ್ದರೆ ಅರ್ಧ ಪದ ಓದುವಷ್ಟರಲ್ಲಿ ಉಳಿದರ್ಧ ತಾನಾಗಿ ಹೊಳೆಯುತ್ತದೆ.

ಆದ್ದರಿಂದ ಓದಿ ಹೇಳುವಾಗ ಪುಸ್ತಕದ ವಾಕ್ಯವನ್ನು ಇದ್ದ ಹಾಗೇ ಓದಿ. ಮಗುವಿಗೆ ತಿಳಿಯದಿದ್ದರೆ ಅದೇ ವಾಕ್ಯವನ್ನು ನಿಮ್ಮ ಮನೆಮಾತಿನಲ್ಲಿ ಹೇಳಿ, ಆಮೇಲೆ ಮತ್ತೆ ಪುಸ್ತಕದ ವಾಕ್ಯ ಓದಿ. ಇಡೀ ಪುಸ್ತಕವನ್ನು ಆಡುಮಾತಿಗೆ ತಿರುಗಿಸಿ ಹೇಳಿದರೆ ಕಥೆ ಸಿಗುತ್ತದೆ, ಪುಸ್ತಕದ ಭಾಷೆ ಸಿಗುವುದಿಲ್ಲ. ಮಗು ತನ್ನ ಮಾತಿನಲ್ಲಿ ಉತ್ತರ ಹೇಳಿದಾಗ ಮಾತ್ರ ‘ಹಾಗಲ್ಲ, ಶುದ್ಧವಾಗಿ ಹೇಳು’ ಎಂದು ತಿದ್ದಬೇಡಿ. ಮನೆಯ ಮಾತು ತಪ್ಪಲ್ಲ.

ಎಷ್ಟು ಓದಿದಿರಿ ಎಂಬುದಕ್ಕಿಂತ ಹೇಗೆ ಓದಿದಿರಿ

ಈ ವಿಷಯದಲ್ಲಿ ನಂಬಬಹುದಾದ ಸಾಕ್ಷ್ಯ ಬಂದದ್ದು ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ನ್ಯೂಯಾರ್ಕ್‌ನ ಪ್ರಯೋಗದಿಂದ. ಎರಡರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳ ಸುಮಾರು 30 ಕುಟುಂಬಗಳನ್ನು ಎರಡು ಗುಂಪು ಮಾಡಲಾಯಿತು. ಎರಡೂ ಗುಂಪಿನ ತಂದೆತಾಯಂದಿರು ಒಂದು ತಿಂಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಓದಿದರು. ಒಂದು ಗುಂಪಿಗೆ ಮಾತ್ರ ಮಗುವನ್ನು ಮಾತಾಡಿಸುತ್ತ ಓದುವ ಕ್ರಮ ಕಲಿಸಲಾಗಿತ್ತು. ತಿಂಗಳ ಕೊನೆಗೆ ಮಾತಿನ ಪರೀಕ್ಷೆಗಳಲ್ಲಿ ಆ ಗುಂಪಿನ ಮಕ್ಕಳು ಇನ್ನೊಂದು ಗುಂಪಿಗಿಂತ ತಿಂಗಳುಗಟ್ಟಲೆ ಮುಂದಿದ್ದರು. ಗುಂಪು ಚಿಕ್ಕದೇ, ಆದರೂ ಓದಿದ ಪ್ರಮಾಣ ಸಮಾನವಾಗಿದ್ದರಿಂದ ವ್ಯತ್ಯಾಸ ಓದಿದ ರೀತಿಯದ್ದು ಎಂದು ಹೇಳಬಹುದು. ಈ ಕ್ರಮ ನಂತರ ಅಂಗನವಾಡಿಯಂಥ ಕೇಂದ್ರಗಳಲ್ಲೂ ಬೇರೆ ಬೇರೆ ದೇಶಗಳಲ್ಲೂ ಪ್ರಯೋಗವಾಯಿತು.

ಕ್ರಮದಲ್ಲಿ ನಾಲ್ಕು ಹೆಜ್ಜೆ: ಕೇಳುವುದು, ಮಗುವಿನ ಉತ್ತರವನ್ನು ಒಪ್ಪುವುದು ಅಥವಾ ಮೆಲ್ಲಗೆ ತಿದ್ದುವುದು, ಅದಕ್ಕೆ ಎರಡು ಪದ ಸೇರಿಸುವುದು, ಸೇರಿಸಿದ್ದನ್ನು ಮಗುವಿನ ಬಾಯಿಂದ ಹೇಳಿಸುವುದು. ಚಿತ್ರದಲ್ಲಿ ಒಂದು ಕೊಕ್ಕರೆ ಇದೆ ಎಂದುಕೊಳ್ಳಿ.

‘ಈ ಹಕ್ಕಿ ಏನ್ ಮಾಡ್ತಿದೆ ನೋಡು?’
‘ಮೀನು ತಿಂತು.’
‘ಹೂಂ ಪುಟ್ಟಾ, ಕೊಕ್ಕರೆ ಉದ್ದ ಕೊಕ್ಕಿಂದ ಮೀನು ಹಿಡೀತಿದೆ. ಯಾವುದ್ರಿಂದ ಹಿಡೀತಿದೆ?’
‘ಕೊಕ್ಕಿಂದ!’

ಇಷ್ಟೇ. ಅರ್ಧ ನಿಮಿಷವೂ ಬೇಡ. ಇದರಲ್ಲಿ ಮಗುವಿನ ಎರಡು ಪದದ ವಾಕ್ಯ ದೊಡ್ಡವರ ಬಾಯಲ್ಲಿ ಐದಾರು ಪದದ್ದಾಯಿತು, ‘ಕೊಕ್ಕು’ ಎಂಬ ಹೊಸ ಪದ ಮಗುವಿನ ನಾಲಿಗೆಗೆ ಬಂತು. ಇದು ಪ್ರತಿ ಪುಟದಲ್ಲೂ ಆಗಬಾರದು. ಇಡೀ ಪುಸ್ತಕದಲ್ಲಿ ನಾಲ್ಕೈದು ಕಡೆ ಸಾಕು. ಹೆಚ್ಚಾದರೆ ಕಥೆಯ ಓಟ ಕಡಿದು ಮಗು ಎದ್ದು ಹೋಗುತ್ತದೆ.

ಪ್ರಶ್ನೆಗಳಲ್ಲೂ ಬಗೆಗಳಿವೆ. ಅತಿ ಸುಲಭದ್ದು ವಾಕ್ಯದ ಕೊನೆ ಬಿಟ್ಟು ನಿಲ್ಲುವುದು. ಪ್ರಾಸವಿರುವ ಪದ್ಯಗಳಲ್ಲಿ ಎರಡು ವರ್ಷದ ಮಗುವೂ ಬಿಟ್ಟ ಪದವನ್ನು ತುಂಬುತ್ತದೆ. ‘ಯಾರು, ಎಲ್ಲಿ, ಏನು’ ಪ್ರಶ್ನೆಗಳು ಆಮೇಲೆ. ‘ಆಗಲೇ ಏನಾಗಿತ್ತು ನೆನಪಿದೆಯಾ?’ ಎಂಬುದು ಮೂರು ವರ್ಷ ದಾಟಿದ ಮೇಲೆ. ‘ಈ ಪುಟದಲ್ಲಿ ಏನೇನು ನಡೀತಿದೆ, ನೀನೇ ಹೇಳು’ ಎಂಬ ತೆರೆದ ಪ್ರಶ್ನೆಯೇ ಉದ್ದ ಮಾತು ಹೊರಡಿಸುವಂಥದ್ದು. ಕೊನೆಯದು ಮಗುವಿನ ಬದುಕಿಗೆ ಜೋಡಿಸುವ ಪ್ರಶ್ನೆ: ‘ನಾವು ಸಂತೆಗೆ ಹೋದಾಗ ಇಂಥದ್ದೇ ಬುಟ್ಟಿ ನೋಡಿದ್ವಲ್ಲ, ಅದರಲ್ಲಿ ಏನಿತ್ತು?’ ‘ಹೌದು’ ‘ಇಲ್ಲ’ ಎಂದು ಮುಗಿಯುವ ಪ್ರಶ್ನೆಯಿಂದ ಏನೂ ಹೊರಡುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಉತ್ತರ ಹುಡುಕಲು ಮಗುವಿಗೆ ಅಷ್ಟು ಹೊತ್ತು ಬೇಕು. ಬಹುತೇಕ ದೊಡ್ಡವರು ಎರಡು ಎಣಿಸುವಷ್ಟರಲ್ಲಿ ತಾವೇ ಉತ್ತರ ಹೇಳಿಬಿಡುತ್ತಾರೆ.

ಹೊಸ ಪುಸ್ತಕವನ್ನು ಮೊದಲ ಸಲ ಓದುವಾಗ ಪ್ರಶ್ನೆಯೇ ಬೇಡ ಅಥವಾ ಒಂದೆರಡು ಸಾಕು. ಕಥೆ ಗೊತ್ತಾದ ಮೇಲೆ, ಎರಡನೇ ಮೂರನೇ ಓದಿಗೆ, ಮಾತು ತಾನಾಗಿ ಬರುತ್ತದೆ.

ಅದೇ ಪುಸ್ತಕ, ಮತ್ತೆ ಮತ್ತೆ

‘ದಿನಾ ಅದನ್ನೇ ಓದು ಅಂತಾನೆ’ ಎಂಬ ದೂರು ಎರಡರಿಂದ ನಾಲ್ಕು ವರ್ಷದ ಮಕ್ಕಳಿರುವ ಎಲ್ಲ ಮನೆಯಲ್ಲೂ ಇದೆ. ಮಗುವಿನ ಹಟದಲ್ಲಿ ಹುರುಳಿದೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹಾರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳಲ್ಲಿ ಒಂದು ಗುಂಪಿಗೆ ಅದೇ ಕಥೆಗಳನ್ನು ಮತ್ತೆ ಮತ್ತೆ ಓದಿದರು, ಇನ್ನೊಂದು ಗುಂಪಿಗೆ ಬೇರೆ ಬೇರೆ ಕಥೆ. ಹೊಸ ಪದಗಳು ಎರಡೂ ಗುಂಪಿನ ಕಿವಿಗೆ ಬಿದ್ದದ್ದು ಅಷ್ಟೇ ಸಲ. ಪದಗಳು ಹೆಚ್ಚು ಉಳಿದದ್ದು ಅದೇ ಕಥೆ ಕೇಳಿದ ಮಕ್ಕಳಲ್ಲಿ. ಮೊದಲ ಓದಿನಲ್ಲಿ ಮಗುವಿನ ಗಮನವೆಲ್ಲ ‘ಮುಂದೇನು’ ಎಂಬುದರ ಮೇಲೆ. ಕಥೆ ತಿಳಿದ ಮೇಲೆಯೇ ಪದ, ಚಿತ್ರದ ಮೂಲೆ, ಪಾತ್ರದ ಮುಖಭಾವಗಳಿಗೆ ಗಮನ ಹೋಗುವುದು. ಆದ್ದರಿಂದ 40 ಪುಸ್ತಕ ಕೊಂಡು ಒಂದೊಂದು ಸಲ ಓದುವುದಕ್ಕಿಂತ 8–10 ಒಳ್ಳೆಯ ಪುಸ್ತಕಗಳನ್ನು ಮಗುವಿನ ಕೈಗೆ ಸಿಗುವಲ್ಲಿ ಇಟ್ಟು ಬೇಸರವಿಲ್ಲದೆ ಮರಳಿ ಓದುವುದು ಹೆಚ್ಚು ಫಲ ಕೊಡುತ್ತದೆ. ಮಗು ತಾನೇ ಬೇಡ ಎನ್ನುವವರೆಗೆ ಪುಸ್ತಕ ಬದಲಿಸಬೇಡಿ.

ಬೆರಳು ಅಕ್ಷರದ ಕೆಳಗೆ

ದೊಡ್ಡವರು ಓದುವಾಗ ಮಗುವಿನ ಕಣ್ಣು ಎಲ್ಲಿರುತ್ತದೆ? ಕಣ್ಣಿನ ಚಲನೆ ಅಳೆಯುವ ಉಪಕರಣದಿಂದ ಕೆನಡಾದಲ್ಲಿ ಮೇರಿ ಆನ್ ಇವಾನ್ಸ್ ಮತ್ತು ಜೀನ್ ಸೇಂಟ್ ಆಬಿನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಹುತೇಕ ಪೂರ್ತಿ ಚಿತ್ರದ ಮೇಲೆ. ಅಕ್ಷರದತ್ತ ನೋಟ ಹೋಗುವುದೇ ಅಪರೂಪ. ಅಂದರೆ ಬರೀ ಓದಿ ಹೇಳಿದ್ದರಿಂದ ಅಕ್ಷರ ಬರುವುದಿಲ್ಲ. ಪದ ಮತ್ತು ಅರ್ಥ ಬೆಳೆಯುತ್ತವೆ, ಅಕ್ಷರದ ಪರಿಚಯಕ್ಕೆ ಬೇರೆ ಉಪಾಯ ಬೇಕು.

ನಾಲ್ಕು ವರ್ಷದ ನಂತರ ಆಗೀಗ ಸಾಲಿನ ಕೆಳಗೆ ಬೆರಳು ಓಡಿಸಿ. ಅಕ್ಷರದಿಂದ ಅಕ್ಷರಕ್ಕೆ ಕುಟ್ಟುತ್ತ ಹೋಗುವುದು ಬೇಡ. ನಿಮ್ಮ ದನಿಯ ಜೊತೆಗೇ ಸರಾಗವಾಗಿ ಬೆರಳು ಜಾರಲಿ. ಒಂದು ಪುಸ್ತಕಕ್ಕೆ ಒಂದು ಅಕ್ಷರ ಆರಿಸಿಕೊಳ್ಳಿ, ಮಗುವಿನ ಹೆಸರಿನ ಮೊದಲ ಅಕ್ಷರವಾದರೆ ಇನ್ನೂ ಚೆನ್ನ: ‘ನಿನ್ನ ಹೆಸರಿನ ಕ ಈ ಪುಟದಲ್ಲಿ ಎಲ್ಲೆಲ್ಲಿದೆ?’ ಕ, ಕಿ, ಕೂ, ಕ್ಕ ಎಲ್ಲದರಲ್ಲೂ ಅದೇ ಕಕಾರ ಅಡಗಿರುವುದನ್ನು ಮಗು ಕಂಡುಹಿಡಿದರೆ ಕಾಗುಣಿತದ ಗುಟ್ಟು ಅರ್ಧ ತಿಳಿದ ಹಾಗೆ. ಶೀರ್ಷಿಕೆಯನ್ನು, ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರನ್ನು ಪ್ರತಿ ಸಲ ಬೆರಳಿಟ್ಟು ಓದಿ. ಪುಸ್ತಕವನ್ನು ಮನುಷ್ಯರು ಬರೆಯುತ್ತಾರೆ ಎಂಬುದು ಮಕ್ಕಳಿಗೆ ತಾನಾಗಿ ಹೊಳೆಯುವ ಸಂಗತಿಯಲ್ಲ.

ವಯಸ್ಸಿಗೆ ತಕ್ಕಂತೆ

ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಶೈಶವದಿಂದಲೇ ಓದಿ ಹೇಳಬೇಕೆಂದು ಶಿಫಾರಸು ಮಾಡಿತು. ಹಸುಗೂಸಿಗೆ ಕಥೆ ತಿಳಿಯುತ್ತದೆಯೆಂದಲ್ಲ. ದನಿ, ಲಯ, ಮಡಿಲು ಮೂರೂ ಒಟ್ಟಿಗೆ ಸಿಗುತ್ತವೆ. ಮೊದಲ ಕೆಲವು ವಾರ ಕೂಸಿಗೆ ಚೆನ್ನಾಗಿ ಕಾಣುವುದು 20–30 ಸೆಂ.ಮೀ. ದೂರ, ಕಪ್ಪು ಬಿಳುಪಿನ ದಪ್ಪ ಚಿತ್ರಗಳು ಕಣ್ಣು ಸೆಳೆಯುತ್ತವೆ. ಜೋಗುಳ, ಶಿಶುಗೀತೆ ಏನನ್ನಾದರೂ ಹೇಳಿ. ಆರು ತಿಂಗಳ ಮೇಲೆ ಪುಸ್ತಕ ಬಾಯಿಗೆ ಹೋಗುತ್ತದೆ, ಹೋಗಲಿ. ದಪ್ಪ ರಟ್ಟಿನ ಪುಟಗಳಿರುವುದನ್ನು ಕೊಡಿ, ಮೂಲೆಗಳು ದುಂಡಗಿರಲಿ. ವರ್ಷದ ಹೊತ್ತಿಗೆ ಮಗು ಬೆರಳಿಟ್ಟು ತೋರಿಸತೊಡಗುತ್ತದೆ. ಅದು ತೋರಿಸಿದ್ದರ ಹೆಸರನ್ನು ಆ ಕ್ಷಣವೇ ಹೇಳಿದರೆ ಪದ ಬೇಗ ಅಂಟುತ್ತದೆ, ಏಕೆಂದರೆ ಗಮನ ಆಗಲೇ ಅಲ್ಲಿದೆ. ಎರಡು ವರ್ಷದವರೆಗೆ ಮೂರರಿಂದ ಐದು ನಿಮಿಷ ಕೂತರೆ ಸಾಕು. ಕೊನೆಯ ಪುಟದಿಂದ ಮೊದಲಿಗೆ ತಿರುವಿದರೂ ತಪ್ಪಿಲ್ಲ.

ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸದ, ಕರೆದರೆ ತಿರುಗದ ಮಗುವಿಗೆ ಪುಸ್ತಕಕ್ಕಿಂತ ಮೊದಲು ಕಿವಿಯ ತಪಾಸಣೆ ಆಗಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪರಿಣತರಿದ್ದಾರೆ. ‘ಗಂಡುಮಕ್ಕಳು ತಡವಾಗಿ ಮಾತಾಡ್ತಾರೆ’ ಎಂದು ಕಾಯುತ್ತ ಕೂತು ಅಮೂಲ್ಯ ಕಾಲ ಕಳೆಯಬಾರದು.

ಎರಡರಿಂದ ಮೂರರವರೆಗೆ ಪುಟಕ್ಕೆ ಒಂದೆರಡು ವಾಕ್ಯ, ಮರುಕಳಿಸುವ ಸಾಲು, ಪ್ರಾಸ. ಮೂರರಿಂದ ಐದರವರೆಗೆ ಪುಟಕ್ಕೆ ಮೂರು ನಾಲ್ಕು ವಾಕ್ಯ. ಸಮಸ್ಯೆಯೊಂದು ಹುಟ್ಟಿ ಬಗೆಹರಿಯುವ ಕಥೆ. ದಿನಕ್ಕೆ ಹತ್ತರಿಂದ ಹದಿನೈದು ನಿಮಿಷ. ಆರರಿಂದ ಒಂಬತ್ತರವರೆಗೆ ಎರಡು ಬೇರೆ ಪುಸ್ತಕಗಳು ಒಟ್ಟಿಗೆ ನಡೆಯಬೇಕು: ಮಗು ತಾನೇ ಓದುವ ಸುಲಭದ್ದೊಂದು, ನೀವು ಓದಿ ಹೇಳುವ ಕಷ್ಟದ್ದೊಂದು. ಎರಡನೆಯದು ದಿನಕ್ಕೊಂದು ಅಧ್ಯಾಯದಂತೆ ಧಾರಾವಾಹಿಯಾಗಿ ಸಾಗಬಹುದು. ಹತ್ತು ವರ್ಷದ ಮಗುವೂ ಓದಿ ಹೇಳಿದರೆ ಕೇಳುತ್ತದೆ. ಆ ವಯಸ್ಸಿಗೆ ಓದಿನ ನೆಪದಲ್ಲಿ ಏಳುವ ಮಾತುಗಳು, ಸಾವು, ಅನ್ಯಾಯ, ಜಾತಿ, ಗೆಳೆತನ ಮುರಿಯುವುದು, ಬೇರೆ ಹೊತ್ತಿನಲ್ಲಿ ಅಷ್ಟು ಸಲೀಸಾಗಿ ಏಳುವುದಿಲ್ಲ.

ಇನ್ನೊಬ್ಬರ ಮನಸ್ಸು, ಮತ್ತು ನೀತಿಪಾಠ

ಪೊದೆಯ ಹಿಂದೆ ನರಿ ಅಡಗಿದೆ. ಕೋಳಿಮರಿಗೆ ಗೊತ್ತಿಲ್ಲ, ಓದುವ ಮಗುವಿಗೆ ಗೊತ್ತು. ‘ನನಗೆ ತಿಳಿದದ್ದು ಅದಕ್ಕೆ ತಿಳಿದಿಲ್ಲ’ ಎಂಬ ಅರಿವು ಮಕ್ಕಳಲ್ಲಿ ಗಟ್ಟಿಯಾಗುವುದು ನಾಲ್ಕು ವರ್ಷದ ಆಸುಪಾಸಿನಲ್ಲಿ, ಚಿತ್ರಪುಸ್ತಕ ಅದಕ್ಕೆ ಒಳ್ಳೆಯ ಅಭ್ಯಾಸ. ‘ಕೋಳಿಮರಿ ಏನಂದ್ಕೊಂಡಿದೆ?’ ಎಂದು ಕೇಳಿ. ಸಿಟ್ಟು, ಹೊಟ್ಟೆಕಿಚ್ಚು, ನಾಚಿಕೆ, ಬೇಜಾರು, ದಿಗಿಲು ಎಂಬ ಪದಗಳನ್ನು ಪಾತ್ರದ ಮುಖ ತೋರಿಸಿ ಬಳಸಿ. ತಮ್ಮ ಹುಟ್ಟಿದಾಗ ಆಗುವ ಸಂಕಟಕ್ಕೆ ಹೆಸರಿದೆ ಎಂದು ತಿಳಿದ ಮಗು ಅದನ್ನು ಕಚ್ಚಿ, ಹೊಡೆದು ತೋರಿಸುವುದು ಕಡಿಮೆಯಾಗುತ್ತದೆ.

ನೀತಿಪಾಠದ ವಿಷಯ ಬೇರೆ. ಕಥೆ ಮುಗಿದ ತಕ್ಷಣ ‘ಇದರಿಂದ ಏನು ತಿಳೀತು?’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಆಳವಾಗಿದೆ, ಮತ್ತು ಮಗುವನ್ನು ಕಥೆಯಿಂದ ಓಡಿಸಲು ಅಷ್ಟು ಸಾಕು. ಟೊರಾಂಟೋದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಂಚಿಕೊಳ್ಳುವ ಗುಣದ ಕಥೆಯನ್ನು ಮನುಷ್ಯ ಪಾತ್ರಗಳಿರುವ ಪುಸ್ತಕದಲ್ಲಿ ಕೇಳಿದ ನಾಲ್ಕರಿಂದ ಆರು ವರ್ಷದ ಮಕ್ಕಳು ನಂತರ ಹೆಚ್ಚು ಹಂಚಿಕೊಂಡರು; ಅದೇ ಕಥೆಯನ್ನು ಬಟ್ಟೆ ತೊಟ್ಟ ಪ್ರಾಣಿಗಳ ಪಾತ್ರದಲ್ಲಿ ಕೇಳಿದವರು ಹಾಗೆ ಮಾಡಲಿಲ್ಲ. ನರಿ ಕಾಗೆಯ ಕಥೆ ಬಿಡಬೇಕೆಂದು ಇದರ ಅರ್ಥವಲ್ಲ, ಅವು ರಸಕ್ಕಾಗಿಯೇ ಬೇಕು. ನಡತೆ ತಿದ್ದುವ ಸಾಧನವೆಂದು ಮಾತ್ರ ಅವುಗಳನ್ನು ನೆಚ್ಚಿಕೊಳ್ಳಬೇಡಿ.

ಪುಸ್ತಕ ಆರಿಸುವಾಗ

ಮೊದಲು ಅಚ್ಚು ನೋಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲೆ ಏರುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಕಲಿಯುವ ಕಣ್ಣಿಗೆ ಗೋಜಲಾಗುತ್ತದೆ. ಆರಂಭದ ಓದಿಗೆ ಅಕ್ಷರ ಕನಿಷ್ಠ 18 ಪಾಯಿಂಟ್ ಇರಲಿ, 20–24 ಇದ್ದರೆ ಇನ್ನೂ ಒಳ್ಳೆಯದು. ಅಲಂಕಾರದ ಅಕ್ಷರ, ಚಿತ್ರದ ಮೇಲೆಯೇ ಅಚ್ಚಾದ ಪಠ್ಯ, ಸಾಲಿನ ಕೊನೆಯಲ್ಲಿ ತುಂಡಾದ ಪದ ಇವೆಲ್ಲ ಹೊಸ ಓದುಗರಿಗೆ ಅಡ್ಡಿ.

ಆಮೇಲೆ ಒಂದು ಪುಟವನ್ನು ಅಂಗಡಿಯಲ್ಲೇ ಬಾಯಿಬಿಟ್ಟು ಓದಿ. ನಾಲಿಗೆ ತೊಡರಿದರೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತಿಳಿಯದಿದ್ದರೆ ಅದು ಬಹುಮಟ್ಟಿಗೆ ಅವಸರದ ಅನುವಾದ, ಕೆಳಗಿಡಿ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗಾಗಿ ಬರೆದ ಪದ್ಯಗಳು ಇಷ್ಟು ಕಾಲ ಬಾಳಿರುವುದು ನಾಲಿಗೆಗೆ ಹಿತವಾದ್ದರಿಂದಲೇ. ಒಗಟು, ಪ್ರಾಸ, ನಾಲಿಗೆ ಹೊರಳಿಸುವ ಆಟಗಳಿಗೂ ಇದೇ ಬೆಲೆ: ಪದದೊಳಗಿನ ದನಿಗಳನ್ನು ಬೇರ್ಪಡಿಸಿ ಕೇಳಲು ಕಿವಿ ಪಳಗುತ್ತದೆ, ಅಕ್ಷರ ಕಲಿಕೆಗೆ ಬೇಕಾದ ಮೊದಲ ಸಿದ್ಧತೆ ಅದು.

ಎಳೆದರೆ ಮೇಲೇಳುವ, ತಿರುಗಿಸಿದರೆ ಸದ್ದು ಮಾಡುವ ಪುಸ್ತಕಗಳು ದುಬಾರಿ. ಕಲಿಕೆಗೆ ಮಾತ್ರ ಸಾದಾ ಪುಸ್ತಕವೇ ಮೇಲು. ಚಿಯಾಂಗ್ ಮತ್ತು ಡಿಲೋಷ್ ನಡೆಸಿದ ಪ್ರಯೋಗದಲ್ಲಿ ಸಾದಾ ಅಕ್ಷರ ಪುಸ್ತಕದಿಂದ ಮಕ್ಕಳು ಕಲಿತಷ್ಟನ್ನು ಎಳೆದಾಡುವ ಭಾಗಗಳಿದ್ದ ಪುಸ್ತಕದಿಂದ ಕಲಿಯಲಿಲ್ಲ. ಕೈ ಆಟದಲ್ಲಿದ್ದರೆ ಗಮನವೂ ಅಲ್ಲೇ. ಫೋನಿನ ಕಥೆ ಆ್ಯಪ್‌ಗಳಲ್ಲಿ ನಡುವೆ ಬರುವ ಆಟಗಳಿಗೂ ಇದೇ ಮಾತು. ಪರದೆಯ ಮೇಲೆಯೇ ಓದುವುದಾದರೆ ಚಲನೆಯಿಲ್ಲದ ಪುಟಗಳನ್ನು ತೆರೆದು, ಮಗುವಿನ ಪಕ್ಕ ಕೂತು, ನೀವೇ ಓದಿ.

ಬರೀ ಅಕ್ಷರಮಾಲೆಯ ಪುಸ್ತಕ, ಹಣ್ಣು–ಪ್ರಾಣಿಗಳ ಪಟ್ಟಿಯ ಪುಸ್ತಕ ಇಷ್ಟರಲ್ಲೇ ಮನೆಯ ಕಪಾಟು ಮುಗಿಯಬಾರದು. ಅವುಗಳಲ್ಲಿ ಹೆಸರಿದೆ, ವಾಕ್ಯವಿಲ್ಲ. ಇರುವೆ, ಮಳೆ, ಬಸ್ಸು, ಹಲ್ಲು ಬೀಳುವುದು ಇಂಥ ವಿಷಯಗಳ ಮಾಹಿತಿ ಪುಸ್ತಕವೂ ಒಂದೆರಡಿರಲಿ. ಕಥೆ ಬೇಡವೆನ್ನುವ ಎಷ್ಟೋ ಮಕ್ಕಳು ಅವುಗಳಿಂದಲೇ ಓದುಗರಾಗುತ್ತಾರೆ.

ಮಗು ತಾನೇ ಓದತೊಡಗಿದಾಗ

ಹೆಚ್ಚು ಮನೆಗಳಲ್ಲಿ ಓದು ಕೆಡುವುದು ಇಲ್ಲೇ. ಮಗು ‘ಮ…ರ…ದ…’ ಎನ್ನುವಷ್ಟರಲ್ಲಿ ದೊಡ್ಡವರು ತಿದ್ದುತ್ತಾರೆ, ಗದರುತ್ತಾರೆ, ಪಕ್ಕದ ಮನೆಯ ಮಗುವಿಗೆ ಹೋಲಿಸುತ್ತಾರೆ. ಅಕ್ಷರ ಕೂಡಿಸುವುದಕ್ಕೇ ಮಗುವಿನ ಶಕ್ತಿಯೆಲ್ಲ ಖರ್ಚಾಗುತ್ತಿರುವಾಗ ಹೆದರಿಕೆಯೂ ಸೇರಿದರೆ ಅರ್ಥಕ್ಕೆ ಜಾಗವೇ ಉಳಿಯುವುದಿಲ್ಲ.

ಇದಕ್ಕೆ ಏಣಿ ಹೀಗಿದೆ. ಮೊದಲು ನೀವು ಇಡೀ ಪುಟ ಓದಿ. ನಂತರ ಒಂದೊಂದು ವಾಕ್ಯ ನೀವು ಓದಿ, ಅದನ್ನೇ ಮಗು ಓದಲಿ. ಆಮೇಲೆ ಇಬ್ಬರೂ ಒಟ್ಟಿಗೆ, ನಿಮ್ಮ ದನಿ ಸ್ವಲ್ಪ ತಗ್ಗಿಸಿ. ಕೊನೆಗೆ ಮಗು ಒಂದೇ. ಒಂದೇ ಪುಟವನ್ನು ಮೂರು ನಾಲ್ಕು ದಿನ ಹೀಗೆ ಓದಿದರೆ ತಡವರಿಕೆ ತಾನಾಗಿ ಕಡಿಮೆಯಾಗುತ್ತದೆ. ಪದದ ಮುಂದೆ ಮಗು ನಿಂತರೆ ಮೂರರಿಂದ ಐದು ಸೆಕೆಂಡು ಕಾಯಿರಿ. ಬಾರದಿದ್ದರೆ ಪದವನ್ನು ಹೇಳಿ ಮುಂದೆ ಹೋಗಿ. ತಪ್ಪು ಓದಿದರೂ ಅರ್ಥ ಕೆಡದಿದ್ದರೆ ಬಿಟ್ಟುಬಿಡಿ. ಅರ್ಥ ಕೆಟ್ಟರೆ ವಾಕ್ಯ ಮುಗಿಯಲಿ, ಆಮೇಲೆ ‘ಇದು ಸರಿ ಕೇಳಿಸ್ತಾ?’ ಎಂದು ಮರಳಿ ಅಲ್ಲಿಗೆ ಕರೆತನ್ನಿ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಪದಗಳಲ್ಲಿ ಸಿಕ್ಕಿಕೊಂಡರೆ ಆ ಪುಸ್ತಕ ಸದ್ಯಕ್ಕೆ ನೀವು ಓದಿ ಹೇಳಬೇಕಾದ್ದು.

ವೇಗದ ಲೆಕ್ಕ ಮನೆಗೆ ಬೇಡ. 2021ರಲ್ಲಿ ಶುರುವಾದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ 60 ಪದಗಳ ಓದನ್ನು ಗುರಿಯಾಗಿಟ್ಟಿದೆ. ಕನ್ನಡದಲ್ಲಿ ‘ಹೋಗಬೇಕಾಗಿದ್ದರಿಂದ’ ಎಂಬುದೂ ಒಂದೇ ಪದ, ‘ಮರ’ ಎಂಬುದೂ ಒಂದೇ ಪದ. ಗಡಿಯಾರ ಹಿಡಿದು ಎಣಿಸಿದರೆ ಮಗುವಿನ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಮೂರನೇ ತರಗತಿ ಮುಗಿದರೂ ಒತ್ತಿಲ್ಲದ ಸರಳ ಪದಗಳೇ ಓದಲಾಗದಿದ್ದರೆ ಮಾತ್ರ ಕಣ್ಣಿನ ಪರೀಕ್ಷೆ ಮಾಡಿಸಿ, ಕಲಿಕೆಯ ತೊಂದರೆ ಗುರುತಿಸುವ ತಜ್ಞರಿಗೆ ತೋರಿಸಿ. ಸೋಮಾರಿ ಎಂದು ಬೈಯುವುದರಿಂದ ಓದು ಕಲಿಯಲು ತೊಡಕಾಗುವ ಡಿಸ್‌ಲೆಕ್ಸಿಯಾ ಹೋಗುವುದಿಲ್ಲ.

ಓದು ಬಾರದ ಮನೆ, ಬೇರೆ ಮಾತಿನ ಮನೆ

ದೊಡ್ಡವರಿಗೆ ಓದಲು ಬಾರದಿದ್ದರೆ ಬಾಗಿಲು ಮುಚ್ಚಿತೆಂದಲ್ಲ. ಅಕ್ಷರವಿಲ್ಲದ, ಚಿತ್ರಗಳೇ ಕಥೆ ಹೇಳುವ ಪುಸ್ತಕಗಳಿವೆ. ಅಜ್ಜಿ ಪುಟ ತಿರುವುತ್ತ ತನ್ನದೇ ಮಾತಿನಲ್ಲಿ ಹೇಳಬಹುದು. ಶಾಲೆಗೆ ಹೋಗುವ ಅಕ್ಕ ಓದಲಿ, ಅಮ್ಮ ‘ಆಮೇಲೆ ಏನಾಯ್ತಂತೆ?’ ಎಂದು ಕೇಳುತ್ತಿರಲಿ. ಶುರು, ನಡು, ಕೊನೆಯ ಕ್ರಮದಲ್ಲಿ ಕಥೆ ಕೇಳಿದ ಮಗುವಿಗೆ ಮುಂದೆ ಪಾಠದ ಹಂದರ ಹಿಡಿಯುವುದು ಸುಲಭ.

ತುಳು, ಕೊಂಕಣಿ, ಕೊಡವ, ಉರ್ದು, ಲಂಬಾಣಿ ಮಾತಾಡುವ ಮನೆಗಳಲ್ಲಿ ಕನ್ನಡ ಪುಸ್ತಕವನ್ನು ಹೀಗೆ ಓದಿ: ಮೊದಲು ಚಿತ್ರಗಳ ಬಗ್ಗೆ ಮನೆಮಾತಿನಲ್ಲಿ ಹರಟೆ, ನಂತರ ಕನ್ನಡದಲ್ಲಿ ಓದು, ಪ್ರಶ್ನೆಗೆ ಉತ್ತರ ಯಾವ ಭಾಷೆಯಲ್ಲಿ ಬಂದರೂ ಸರಿ. ಒಂದು ಭಾಷೆಯಲ್ಲಿ ಬೆಳೆದ ಕಥೆಯ ಗ್ರಹಿಕೆ ಇನ್ನೊಂದಕ್ಕೂ ಒದಗುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಪುಸ್ತಕ ಓದಿದರೆ ಇಂಗ್ಲಿಷ್ ಹಿಂದೆ ಬೀಳುತ್ತದೆಂಬ ಅಂಜಿಕೆಯೂ ಬೇಡ. ಪರದೇಶದಲ್ಲಿರುವ ಕನ್ನಡದ ಮಕ್ಕಳಿಗೆ ಸಿಗುವ ಕನ್ನಡ ಊಟ, ಸ್ನಾನ, ನಿದ್ದೆಯ ಸುತ್ತಲಿನದು. ಕಾಡು, ಯುದ್ಧ, ಅಂತರಿಕ್ಷದ ಕನ್ನಡ ಅವರಿಗೆ ಪುಸ್ತಕದಿಂದಲೇ ಬರಬೇಕು.

ಪುಸ್ತಕ ಎಲ್ಲಿ ಸಿಗುತ್ತದೆ

ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡದಲ್ಲೂ ತರುತ್ತದೆ. 2015ರಿಂದ ಇರುವ ಅದರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಪುಸ್ತಕಗಳನ್ನು ಉಚಿತವಾಗಿ ಓದಬಹುದು, ಇಳಿಸಿಕೊಂಡು ಮುದ್ರಿಸಬಹುದು. ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಚೆನ್ನೈನ ತೂಲಿಕಾ ಪ್ರಕಾಶನಗಳ ಕನ್ನಡ ಮಕ್ಕಳ ಪುಸ್ತಕಗಳೂ ಅಂಗಡಿಗಳಲ್ಲಿವೆ.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ಮಗುವನ್ನೇ ಜೊತೆಗೆ ಕರೆದುಕೊಂಡು ಹೋಗಿ, ಒಂದು ಪುಸ್ತಕವನ್ನು ಅದೇ ಆರಿಸಲಿ. ಅದರ ಆಯ್ಕೆ ನಿಮಗೆ ಹಿಡಿಸದಿದ್ದರೂ ಬದಲಿಸಬೇಡಿ. ಒಂದಕ್ಕಿಂತ ಹೆಚ್ಚು ಕೊಡುವುದಾದರೆ, ನೀವು ಓದಿ ಹೇಳಲು ಕಷ್ಟದ್ದೊಂದನ್ನೂ ತನ್ನಿ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಹಾಸಿಗೆಯ ಪಕ್ಕವೋ ಊಟದ ಕೋಣೆಯ ನೆಲದ ಮೇಲೋ ಕೈಗೆಟಕುವಂತಿರಲಿ. ಹರಿದರೆ ಮಗುವಿನ ಎದುರೇ ಅಂಟು ಹಚ್ಚಿ ಸರಿಮಾಡಿ, ಎರಡನೇ ಸಲ ಅದೂ ಕೈಜೋಡಿಸುತ್ತದೆ. ಹಿಂದಿರುಗಿಸುವ ದಿನ ಬಂದಾಗ ಬಿಡಲು ಒಪ್ಪದ ಪುಸ್ತಕವನ್ನು ಇನ್ನೊಂದು ಅವಧಿಗೆ ಮತ್ತೆ ಬರೆಸಿಕೊಂಡು ಬನ್ನಿ.